ಒಳಗೋಡೆಗೆ ಬಿಳಿ ಬಳಿದವರು ಯಾರು?

ಪೇಂಟರಣ್ಣ ಒಮ್ಮೆ ಒಂದು ಮನೆಯ ಗೋಡೆಗೆ ಬಿಳಿ ಬಣ್ಣ ಹೊಡೆದಾಗ ಎಷ್ಟು ಬೆಳಕಾಯಿತೆಂದರೆ, ಆ ಬೀದಿಯ ಕೋಳಿಗಳು ಮೂರು ದಿನ ನಿದ್ದೆ ಮಾಡಲಿಲ್ಲ. ಬೆಳಗಾಯಿತೆಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡವು. ನಾಲ್ಕನೆಯ ದಿನ ನಿಜವಾದ ಸೂರ್ಯ ಬಂದಾಗ ಒಂದೂ ಕೂಗಲಿಲ್ಲ; ಊರಿಗೆ ಊರೇ ಕೆಲಸಕ್ಕೆ ತಡವಾಗಿ ಹೋಯಿತು. ನಂಬದಿದ್ದರೆ ನಿಮ್ಮಿಷ್ಟ.

ಅಂಥದೇ ಬಿಳುಪು ಆ ಸೋಮವಾರ ಬೆಳಿಗ್ಗೆ ಕಲಾ ಗ್ಯಾಲರಿಯ ದೊಡ್ಡ ಕೋಣೆಯಲ್ಲಿ ಕಾಣಿಸಿತು. ಕಾಣಿಸಬಾರದ ಜಾಗದಲ್ಲಿ.

ಬಾಗಿಲು ತೆಗೆದವಳು ಪೇಂಟರಣ್ಣನ ತಂಗಿ. ಹೆಸರು ಮಾಡಿದ ಕಲಾವಿದೆ. ಆ ಕೋಣೆಯ ಎದುರುಬದುರು ಗೋಡೆಗಳ ಮೇಲೆ ಆರು ತಿಂಗಳಿಂದ ಚಿತ್ರ ಬರೆಯುತ್ತಿದ್ದಳು. ಒಂದರ ಹೆಸರು 'ಹೊರಗೆ'. ಅದು ಅವಳು ಹುಟ್ಟಿ ಬೆಳೆದ ಬೀದಿ. ಇನ್ನೊಂದು 'ಒಳಗೆ'. ಅದು ಅವಳ ಮನಸ್ಸು. ಅದರ ಮುಂದೆ ಪರದೆ ಇಳಿಬಿಟ್ಟಿದ್ದಳು. ಒಂದು ನರಪಿಳ್ಳೆಗೂ ತೋರಿಸಿರಲಿಲ್ಲ.

ಹನ್ನೊಂದಕ್ಕೆ ಉದ್ಘಾಟನೆ. ಒಂಬತ್ತಕ್ಕೆ ಅವಳು ಪರದೆ ಸರಿಸಿದಳು. ಚಿತ್ರವಿಲ್ಲ. ನೆಲದಿಂದ ಸೂರಿನವರೆಗೆ ಹಾಲಿನಂಥ ಬಿಳಿ ಗೋಡೆ.

ಅವಳು ಕಿರುಚಲಿಲ್ಲ. ಹಾಗೇ ನೆಲದ ಮೇಲೆ ಕೂತುಬಿಟ್ಟಳು.

*

ಬಂದವರು ಇನ್ಸ್‌ಪೆಕ್ಟರಮ್ಮ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಟಾರ್ಚು, ಹಿಂದೆ ಒಬ್ಬ ಪೇದೆ. ಗ್ಯಾಲರಿಯ ಹಿಂದಿನ ಕಾರಿಡಾರಿಗೆ ಬಣ್ಣ ಹೊಡೆಯುವ ಕೆಲಸ ವಾರದಿಂದ ಪೇಂಟರಣ್ಣನದೇ ಆಗಿದ್ದರಿಂದ ಅವನೂ ಅಲ್ಲೇ ಇದ್ದ.

"ನೀವು ಯಾರು?"

"ಅವಳ ಅಣ್ಣ ಮೇಡಂ. ಈ ಊರಲ್ಲಿ ಯಾವುದಾದ್ರೂ ಗೋಡೆ ಬೀಳದೆ ನಿಂತಿದ್ರೆ ಅದು ನನ್ನ ಬಣ್ಣದ ಬಲದಿಂದ."

"ಹೌದಾ? ಹಾಗಾದ್ರೆ ನನಗೆ ಸ್ವಲ್ಪ ಸಹಾಯ ಮಾಡಿ. ನನಗೆ ಕಳ್ಳರು ಗೊತ್ತು, ಗೋಡೆ ಗೊತ್ತಿಲ್ಲ."

ಪೇಂಟರಣ್ಣನ ಎದೆ ಎರಡು ಗೇಣು ಉಬ್ಬಿತು. ಅಲ್ಲಿಂದ ಮುಂದೆ ಪತ್ತೇದಾರಿ ಮಾಡಿದವನು ಅವನೇ ಎನ್ನಬೇಕು. ಇನ್ಸ್‌ಪೆಕ್ಟರಮ್ಮ ಬರೀ ಟಾರ್ಚು ಹಿಡಿದುಕೊಂಡಿದ್ದರು. ಅದನ್ನೂ ಗೋಡೆಗೆ ನೇರವಾಗಿ ಹಿಡಿಯಲು ಬಾರದೆ, ಅಡ್ಡಡ್ಡ ಹಿಡಿದು ಓಡಾಡುತ್ತಿದ್ದರು.

ಕಾವಲುಗಾರ ಹೇಳಿದ್ದಿಷ್ಟು: ನಿನ್ನೆ ಭಾನುವಾರ, ಗ್ಯಾಲರಿಗೆ ರಜೆ. ಮುಂಬಾಗಿಲಲ್ಲಿ ಹಗಲಿಡೀ ಕೂತಿದ್ದ. ಯಾರೂ ಬರಲಿಲ್ಲ. ಹಿಂಬಾಗಿಲ ಕೀಲಿ ಮೂವರ ಹತ್ತಿರ ಇದೆ: ತಂಗಿ, ಪೇಂಟರಣ್ಣ, ಮತ್ತೆ ಪಕ್ಕದ ಕೋಣೆಯಲ್ಲಿ ಚಿತ್ರ ತೂಗುಹಾಕಿದ್ದ ಗಡ್ಡದ ಕಲಾವಿದ.

"ಗಡ್ಡದವನ ತೋಳು ನೋಡಿ ಮೇಡಂ," ಎಂದು ಪೇಂಟರಣ್ಣ ಪಿಸುಗುಟ್ಟಿದ.

ತೋಳಿನ ಮೇಲೆ ಅಂಗೈಯಗಲದ ಬಿಳಿ ಕಲೆ.

"ಇವನೂ ಅವಳೂ ಒಟ್ಟಿಗೆ ಓದಿದವರು. ಅವಳ ಹೆಸರು ಕೇಳಿದ್ರೆ ಇವನ ಗಡ್ಡಕ್ಕೆ ಬೆಂಕಿ ಹತ್ತುತ್ತೆ."

ಗಡ್ಡದವನು ಮುಚ್ಚಿಡಲಿಲ್ಲ. "ಹೊಟ್ಟೆಕಿಚ್ಚು ಇತ್ತು ಮೇಡಂ, ಇಲ್ಲ ಅನ್ನಲ್ಲ. ಅವಳ ಚಿತ್ರಕ್ಕೆ ಜನ ಸಾಲಾಗಿ ನಿಲ್ತಾರೆ. ನನ್ನದಕ್ಕೆ ನಮ್ಮಮ್ಮ ಒಬ್ಳೇ ಬರೋದು. ಅವಳೂ ಕೂರೋಕೆ ಕುರ್ಚಿ ಇದೆಯಾ ಅಂತ ಕೇಳಿಕೊಂಡು ಬರ್ತಾಳೆ. ಆದ್ರೆ ಇವರ ತಂಗಿಯ ಗೋಡೆ ನಾನು ಮುಟ್ಟಿಲ್ಲ."

"ನಿನ್ನೆ ಎಲ್ಲಿದ್ರಿ?"

"ಮನೇಲಿ. ಒಬ್ಬನೇ."

"ಕೇಳಿದ್ರಾ, ಒಬ್ಬನೇ!" ಎಂದ ಪೇಂಟರಣ್ಣ.

ಪೇದೆ ಗಡ್ಡದವನನ್ನು ಒಂದು ಮೂಲೆಯಲ್ಲಿ ಕೂರಿಸಿದ. ಅವನ ಮುಖ ಗೋಡೆಗಿಂತ ಬಿಳಿಚಿಕೊಂಡಿತ್ತು. ಇನ್ಸ್‌ಪೆಕ್ಟರಮ್ಮ ಅವನ ತೋಳನ್ನು ಮೂಸಿ ನೋಡಿದರು. ಆಮೇಲೆ ಗೋಡೆಯನ್ನು ಮೂಸಿದರು.

*

ಹನ್ನೊಂದು ಗಂಟೆಗೆ ಅತಿಥಿಗಳು ಬಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

'ಹೊರಗೆ' ಗೋಡೆಯನ್ನು ಎರಡು ನಿಮಿಷ ನೋಡಿದರು. ತಿರುಗಿ ಬಿಳಿ ಗೋಡೆ ಕಂಡವರು ನಿಂತಲ್ಲೇ ನಿಂತರು. ಒಬ್ಬಾಕೆ ಕಣ್ಣೊರೆಸಿಕೊಂಡರು. ಹಿರಿಯರೊಬ್ಬರು ಕೈಕಟ್ಟಿ, "ಒಳಗೆ ಇಳಿದು ನೋಡಿದರೆ ಕೊನೆಗೆ ಉಳಿಯೋದು ಇಷ್ಟೇ" ಎಂದರು. ಅವರ ಹಿಂದೆ ಇಪ್ಪತ್ತು ತಲೆಗಳು ಹೌದೆಂದು ಅಲ್ಲಾಡಿದವು. (ಇಪ್ಪತ್ತಲ್ಲ, ಇನ್ನೂರು.)

ಪೇಂಟರಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಮೂವತ್ತು ವರ್ಷ ಬಣ್ಣ ಹೊಡೆದವನು. ಬಣ್ಣ ಹೊಡೆದ ಗೋಡೆಯನ್ನು ಯಾರಾದರೂ ನೋಡಿ ಕಣ್ಣೀರು ಹಾಕಿದ್ದನ್ನು ಅವನು ಕಂಡಿದ್ದು ಅದೇ ಮೊದಲು. ಅವನ ಕಣ್ಣು ಗೋಡೆಯ ಮೇಲಿರಲಿಲ್ಲ. ಗೋಡೆ ನೋಡುವವರ ಮುಖಗಳ ಮೇಲಿತ್ತು.

ಇನ್ಸ್‌ಪೆಕ್ಟರಮ್ಮ ಪಕ್ಕಕ್ಕೆ ಬಂದು ಮೂತಿ ಸೊಟ್ಟ ಮಾಡಿದರು.

"ದರಿದ್ರ ಕೆಲಸ. ಬಣ್ಣ ಹೊಡೆಯೋಕೆ ಬಾರದವನು ಯಾರೋ ಗಡಿಬಿಡೀಲಿ ಒಂದು ಕೋಟ್ ಬಳಿದು ಓಡಿಹೋಗಿದ್ದಾನೆ."

ಪೇಂಟರಣ್ಣನ ಕಿವಿ ಕೆಂಪಾಯಿತು.

"ಒಂದು ಕೋಟಾ? ಏನು ಮಾತು ಅಂತ ಆಡ್ತೀರಿ ಮೇಡಂ! ಮೊಳೆ ಹೊಡೆದ ತೂತು ಒಂದಾದ್ರೂ ಕಾಣುತ್ತಾ? ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಕೊಟ್ಟು, ಮೇಲೆ ಮೂರು ಕೋಟ್. ಸೂರಿನ ಅಂಚು ನೋಡಿ, ದಾರ ಹಿಡಿದ ಹಾಗಿದೆ. ಬೇರೆಯವರು ಸ್ವಿಚ್‌ಬೋರ್ಡಿನ ಸುತ್ತ ಬಳಿದು ಕೈತೊಳ್ಕೋತಾರೆ. ಇಲ್ಲಿ ಬೋರ್ಡು ಬಿಚ್ಚಿ ಹಿಂದೆಲ್ಲ ಹೊಡೆದಿದ್ದಾರೆ, ಗೊತ್ತಾ?"

"ಗೊತ್ತು. ಬೆಳಿಗ್ಗೆ ನಾನೇ ಸ್ಕ್ರೂ ಬಿಚ್ಚಿ ನೋಡಿ ಮತ್ತೆ ಹಾಕ್ದೆ. ಆಗ ಕೋಣೇಲಿ ನಾನೊಬ್ಬಳೇ ಇದ್ದೆ." ಕನ್ನಡಕದ ಮೇಲಿನಿಂದ ನೋಡಿದರು. "ನಿಮಗೆ ಹೇಗೆ ಗೊತ್ತಾಯ್ತು?"

ಪೇಂಟರಣ್ಣನ ಕೈ ತಾನಾಗೇ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು.

"ಹಾಳು ಮಾಡೋಕೆ ಅಂತಲೇ ಬಂದವನು ಬಣ್ಣದ ಡಬ್ಬಿ ಎರಚಿ ಓಡ್ತಾನೆ," ಎಂದರು ಇನ್ಸ್‌ಪೆಕ್ಟರಮ್ಮ. "ಇವನು ನೆಲಕ್ಕೆ ಪೇಪರ್ ಹಾಸಿದ್ದಾನೆ. ಒಂದು ಹನಿ ಚೆಲ್ಲಿಲ್ಲ. ಹೋಗೋ ಮುಂಚೆ ಗೋಡೆಯ ಬುಡ ಒರೆಸಿ, ಪರದೆ ಎಳೆದು ಹೋಗಿದ್ದಾನೆ. ಗಡ್ಡದವರ ತೋಳಿನ ಮೇಲಿರೋದು ಎಣ್ಣೆ ಬಣ್ಣ, ಟರ್ಪೆಂಟೈನ್ ವಾಸನೆ ಹೊಡೀತಿದೆ. ಗೋಡೇದು ನೀರಲ್ಲಿ ಕಲಸೋ ಬಣ್ಣ. ಅದೇ ಬಣ್ಣ ಕಾರಿಡಾರಲ್ಲೂ ಇದೆ. ತಪ್ಪು ಮಾಡುವಾಗಲೂ ಕೆಲಸ ಕೆಡಿಸೋಕೆ ಮನಸ್ಸು ಬಾರದವನು ಈ ಕಟ್ಟಡದಲ್ಲಿ ಒಬ್ಬನೇ."

*

ಗ್ಯಾಲರಿಯ ಆಫೀಸು ಕೋಣೆ. ಮೂರು ಕುರ್ಚಿ, ಒಂದು ಫ್ಯಾನು. ತಂಗಿ ಎದುರಿಗೆ ಕೂತಳು, ಪಕ್ಕದಲ್ಲಿ ಇನ್ಸ್‌ಪೆಕ್ಟರಮ್ಮ.

"ಯಾಕಣ್ಣ?"

"ಯಾಕೆ ಅಂತ ಕೇಳ್ತೀಯಾ? ನಮ್ಮ ಬೀದಿ ಬರೆದೆ. ದರ್ಜಿ ಇದ್ದಾನೆ, ಪೋಸ್ಟ್‌ಮ್ಯಾನ್ ಇದ್ದಾನೆ, ಆ ಕುಂಟು ನಾಯಿಗೂ ಜಾಗ ಕೊಟ್ಟೆ. ಆ ಬೀದಿಯ ಮನೆಮನೆಗೂ ಬಣ್ಣ ಹೊಡೆದ ನಿನ್ನ ಅಣ್ಣ ಎಲ್ಲೇ?"

ಅವಳು ಫೋನು ಮುಂದೆ ಹಿಡಿದಳು. ಅಳಿಸಿಹೋದ ಗೋಡೆಯ ಫೋಟೋ. ಬಣ್ಣದ ನೂರಾರು ತೇಪೆಗಳ ನಡುವೆ ಆಳೆತ್ತರದ ಒಂದು ಏಣಿ. ಏಣಿಯ ಮೇಲೆ, ತಿಳಿ ಹಳದಿ ಅಂಗಿಯಲ್ಲಿ, ಒಬ್ಬನ ಬೆನ್ನು.

"ನೀನು ನನಗೆ ಹೊರಗಿನವನಲ್ಲ," ಎಂದಳು. "ಅದಕ್ಕೇ ಇಲ್ಲಿ ಬರೆದೆ."

ಪೇಂಟರಣ್ಣ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ಲ ಕಣೆ! ಗೋಡೆಗೆ ಮೂಗು ತಾಗಿಸಿ ಕೆಲಸ ಮಾಡೋನು ನಾನು. ಹತ್ತಿರದಿಂದ ಬರೀ ತೇಪೆ ಕಾಣ್ತು. ಗೊತ್ತಿದ್ದಿದ್ರೆ ಹೊಡೀತಿದ್ನಾ?"

ತಂಗಿ ಅವನ ಭುಜ ಹಿಡಿದು ಅತ್ತಳು. ದೂರು ಬೇಡ ಮೇಡಂ, ಗೊತ್ತಿಲ್ಲದೆ ಮಾಡಿದ್ದಾನೆ ಎಂದಳು. ಗಡ್ಡದವನ ಕ್ಷಮೆ ಕೇಳಲು ಹೊರಗೆ ಹೋದಳು.

ಇನ್ಸ್‌ಪೆಕ್ಟರಮ್ಮ ಏಳಲಿಲ್ಲ.

"ಟಾರ್ಚು ಅಡ್ಡ ಹಿಡಿದ್ರೆ ಗೋಡೆಯ ಉಬ್ಬುತಗ್ಗು ಕಾಣುತ್ತೆ. ನಡುವೆ ಒಂದು ಕಡೆ ಮಾತ್ರ ಬಣ್ಣ ದಪ್ಪ. ಎರಡು ಕೋಟ್ ಜಾಸ್ತಿ ಬಿದ್ದಿದೆ. ಸರಿಯಾಗಿ ಒಂದು ಬೆನ್ನಿನ ಅಳತೆಗೆ."

"ಅಲ್ಲಿ ಗಾಢ ಬಣ್ಣ ಇತ್ತು ಮೇಡಂ. ಮುಚ್ಚೋಕೆ ಜಾಸ್ತಿ ಬೇಕಾಗುತ್ತೆ."

"ತಿಳಿ ಹಳದಿ ಮುಚ್ಚೋಕಾ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಪೇಂಟರಣ್ಣನಿಗೆ ಮಾತು ಸಿಗಲಿಲ್ಲ.

ಅವನಿಗೆ ಅಂದರೆ ನನಗೆ. ಹೌದು, ಪೇಂಟರಣ್ಣ ನಾನೇ. ಇಷ್ಟು ಹೊತ್ತು ನನ್ನನ್ನೇ ದೂರ ನಿಲ್ಲಿಸಿಕೊಂಡು ಹೊಗಳಿಕೊಂಡೆ. ಕೋಳಿಗಳ ಕಥೆ ಶುದ್ಧ ಸುಳ್ಳು. ತಂಗಿಗೆ ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು.

ಭಾನುವಾರ ಪರದೆ ಸರಿಸಿದ ಮೇಲೆ ನಾನು ಹಿಂದೆ ಹಿಂದೆ ಹೆಜ್ಜೆ ಇಟ್ಟು ಎದುರು ಗೋಡೆಗೆ ತಾಗಿ ನಿಂತಿದ್ದೆ. ಎಲ್ಲ ಕಂಡಿತು. ನನ್ನ ಎಡಭುಜ ಬಲದ್ದಕ್ಕಿಂತ ಒಂದು ಬೆರಳು ಜೋತಿದೆ, ಬಕೆಟ್ ಹೊತ್ತು ಹೊತ್ತು. ಅದು ನನಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅಂಗಿಯೊಳಗಿನ ದಣಿವು ಕೂಡ ಕಾಣುವ ಹಾಗೆ ಬರೆದಿದ್ದಳು. ನಾನು ಏಳು ಜನ್ಮ ಬ್ರಶ್ ಹಿಡಿದರೂ ಅಂಥದೊಂದು ಗೆರೆ ನನ್ನ ಕೈಯಲ್ಲಿ ಬರುವುದಿಲ್ಲ. ಬರುವುದಿಲ್ಲವೆಂದು ಆಗಲೇ ಗೊತ್ತಾಯಿತು. ಹೋಗಿ ಡಬ್ಬಿ ತಂದೆ. ಮೊದಲು ಬೆನ್ನಿಗೇ ಹೊಡೆದೆ. ಒಣಗಿತೋ ಇಲ್ಲವೋ, ಮತ್ತೆ ಹೊಡೆದೆ.

"ತಂಗಿಗೆ ನೀವು ಹೇಳ್ತೀರೋ, ನಾನು ಹೇಳಲೋ?" ಎಂದರು ಇನ್ಸ್‌ಪೆಕ್ಟರಮ್ಮ.

ಹೊರಗೆ ಹೋದೆ. ಅವಳು ಗಡ್ಡದವನ ಜೊತೆ ಏನೋ ಹೇಳುತ್ತ ನಿಂತಿದ್ದಳು. ನನ್ನನ್ನು ನೋಡಿ, ಅಳು ಇನ್ನೂ ಆರದ ಮುಖದಲ್ಲೇ ನಕ್ಕಳು.

"ನೋಡಿದ್ದೆ ಕಣೆ," ಎಂದೆ. "ನೋಡಿಯೇ ಹೊಡೆದೆ."