ಅತ್ತೆಯ ತಟ್ಟೆ

ಕಡಲ ದಂಡೆಯ ತೊಟ್ಟಿಗಳಲ್ಲಿ ಉಪ್ಪು ಬೆರೆಸಿದ ಮೀನು ಬಿಸಿಲಿಗೆ ಕೊಳೆಯುವ ವಾಸನೆ. ಓಪ್ಪಿಯಾ ಬೆಳೆದದ್ದು ಅದರಲ್ಲೇ. ಅಪ್ಪ ಆ ಮೀನಿನಿಂದ ಅಡುಗೆಗೆ ಹಾಕುವ ರಸ ಮಾಡಿ ಮಾರುತ್ತಿದ್ದ. ಗಂಡ ಬರಿಯ ಸೈನಿಕನಾಗಿದ್ದಾಗ ಯಾರೂ ಅದನ್ನು ಆಡಿಕೊಂಡಿರಲಿಲ್ಲ. ಅವನು ರೋಮಿನ ಚಕ್ರವರ್ತಿಯಾದ ಮೇಲೆ ಅತ್ತೆ ಕಾಲ್ವಿನಾ ಅರಮನೆಯ ಹೆಂಗಸರೆದುರು, "ಬಂದ್ಳಪ್ಪ ಸಾಮ್ರಾಜ್ಞಿ! ಮೂಗು ಮುಚ್ಕೊಳ್ರೇ," ಎನ್ನುತ್ತಿದ್ದಳು.

ಮಾತನ್ನು ನುಂಗಬಹುದಿತ್ತು. ನುಂಗಲಾಗದ್ದು ಆ ತಟ್ಟೆ. ಫೆಬ್ರವರಿಯಲ್ಲಿ, ಸತ್ತ ಹಿರಿಯರಿಗೆ ಎಡೆಯಿಡುವ ದಿನಗಳು ಮುಗಿದ ಮರುದಿನ, ಮನೆಮಂದಿಯೆಲ್ಲ ಕೂಡಿ ಉಣ್ಣುವ ಹಬ್ಬ. ಮನೆಯ ಹಿರಿಯಳು ಯಾರ ಮೇಲಿನ ಮುನಿಸನ್ನು ಬಿಟ್ಟಳೋ ಅವರಿಗೆ ತನ್ನ ತಟ್ಟೆಯನ್ನೇ ಕೊಡುತ್ತಾಳೆ. ಅವರು ಅದನ್ನು ಎಲ್ಲರೆದುರು ಉಣ್ಣಬೇಕು. ಒಲ್ಲೆನೆಂದರೆ ಹಗೆಯನ್ನು ಒಪ್ಪಿಕೊಂಡಂತೆ. ಆ ತಟ್ಟೆ ಕುಡುಕ ಮೈದುನನಿಗೂ ಸಿಕ್ಕಿತ್ತು. ಓಪ್ಪಿಯಾಳಿಗೆ ಒಮ್ಮೆಯೂ ಇಲ್ಲ. ಈಗ ಅತ್ತೆ ಚಕ್ರವರ್ತಿಗೆ ದೊಡ್ಡ ಮನೆತನದ ಬೇರೆ ಹೆಣ್ಣು ನೋಡುತ್ತಿದ್ದಾಳೆಂಬ ಸುದ್ದಿ. ಚಕ್ರವರ್ತಿಗಳು ಬಿಟ್ಟ ಹೆಂಡಿರನ್ನು ಅಟ್ಟುವ ದ್ವೀಪದಿಂದ ಯಾರೂ ಮರಳಿ ಬಂದದ್ದಿಲ್ಲ.

ಕಾಲ್ವಿನಾಳ ಪ್ರತಿ ತುತ್ತನ್ನೂ ಮೊದಲು ಒಬ್ಬ ಗುಲಾಮ ರುಚಿ ನೋಡುತ್ತಿದ್ದ. ಆ ಹಬ್ಬದೂಟಕ್ಕೆ ಮಾತ್ರ ಹೊರಗಿನವರು ಬರುವಂತಿಲ್ಲ, ಗುಲಾಮರೂ ಕೂಡ, ಅಡುಗೆ ಮಾಡಿ ಬಡಿಸುವವಳು ಸೊಸೆ. ವಿಷದ ಕಹಿಯನ್ನು ಅಡಗಿಸಲು ಅಪ್ಪನ ರಸದಷ್ಟು ಗಾಢವಾದದ್ದು ಬೇರೊಂದಿಲ್ಲ. ಅತ್ತೆ ಇವಳ ಕೈಯಡುಗೆಯನ್ನು ಮುಟ್ಟುವಂತಾಗಬೇಕು, ಅಷ್ಟೇ.

ಆ ಚಳಿಗಾಲ ಮುದುಕಿಗೆ ಜ್ವರ ಬಂತು. ಓಪ್ಪಿಯಾ ದಾಸಿಯರನ್ನು ಆಚೆ ಕಳಿಸಿ ತಾನೇ ಕಾಲೊತ್ತಿದಳು, ಗುಲಾಮ ರುಚಿ ನೋಡಿಕೊಟ್ಟ ಗಂಜಿ ಕುಡಿಸಿದಳು. ಮೊದಮೊದಲು ಮುಖ ತಿರುಗಿಸುತ್ತಿದ್ದವಳು ಆಮೇಲೆ ಬಾಯಿ ತೆರೆದಳು.

"ನಿನ್ನ ಕೈ ಬೆಚ್ಚಗಿದೆ ಕಣೇ," ಎಂದಳೊಂದು ದಿನ.

ನಂಬಿದಳು, ಸಾಕು, ಎಂದುಕೊಂಡಳು ಓಪ್ಪಿಯಾ. ಆದರೂ ಕಾಲೊತ್ತುವುದನ್ನು ಅಂದು ಬೇಗ ನಿಲ್ಲಿಸಲಿಲ್ಲ.

ಹಬ್ಬದ ದಿನ ಎಲ್ಲ ತಟ್ಟೆಗಳಿಗೂ ಮೀನು, ಮೀನಿನ ರಸ. ವಿಷ ಒಂದಕ್ಕೇ.

"ಏನೇ ಇದು, ನಿಮ್ಮಪ್ಪನ ನಾರೋ ನೀರಾ?"

"ಹೌದು ಅತ್ತೆ. ಬೇಡಾಂದ್ರೆ ತೆಗೀತೀನಿ."

"ಇರ್ಲಿ ಬಿಡು. ನಂಗೂ ಅಭ್ಯಾಸ ಆಗ್ಲಿ."

ಎಲ್ಲರೂ ನಕ್ಕರು. ಚಕ್ರವರ್ತಿಯೂ ನಕ್ಕ. ಓಪ್ಪಿಯಾ ತನ್ನ ಜಾಗದಲ್ಲಿ ಕೂತು ಕಾದಳು.

ಕಾಲ್ವಿನಾ ತಟ್ಟೆಯೆತ್ತಿ ಮೂಸಿದಳು. ಮೂಗು ಮುಚ್ಚಿಕೊಳ್ಳಲಿಲ್ಲ, ಬಾಯಿಗೂ ಇಡಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಚಕ್ರವರ್ತಿ ಮಗನನ್ನು ದಾಟಿ, ಕುಡುಕ ಮಗನನ್ನು ದಾಟಿ, ಸೊಸೆಯ ಬಳಿ ಬಂದಳು. ಓಪ್ಪಿಯಾ ಕಹಿಯನ್ನು ಲೆಕ್ಕ ಹಾಕಿದ್ದಳು, ಗುಲಾಮನನ್ನು ಲೆಕ್ಕ ಹಾಕಿದ್ದಳು. ಚಳಿಗಾಲವಿಡೀ ತಾನು ಮಾಡಿದ್ದು ನಾಟಕವಾದರೂ ಮುದುಕಿಯ ಪಾದಕ್ಕೆ ತಾಗಿದ ಬಿಸುಪು ನಿಜವೇ ಆಗಿತ್ತೆಂಬುದನ್ನು ಮಾತ್ರ ಮರೆತಿದ್ದಳು. "ತಡ ಆಯ್ತು ಮಗಳೇ," ಎಂದು ಮೆಲ್ಲಗೆ ಹೇಳಿ, ಅತ್ತೆ ತನ್ನ ತಟ್ಟೆಯನ್ನು ಅವಳ ಕೈಗಿತ್ತಳು.