ದ್ರಾಕ್ಷಿ ತೋಟದ ಗುಂಡಿಗಳು

ಜನವರಿ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಮುನಿವೆಂಕಟಪ್ಪ ಠಾಣೆಗೆ ಬಂದರು. ನಂದಿಯ ರೈಲು ನಿಲ್ದಾಣದ ಆಚೆ ಅವರದು ಮೂರೆಕರೆ ದ್ರಾಕ್ಷಿ ತೋಟ. ಜೊತೆಗೆ ಬಂದಿದ್ದ ಮಗ ನರೇಂದ್ರ ಒಳಗೆ ಬರಲಿಲ್ಲ. ಬೈಕಿಗೆ ಒರಗಿಕೊಂಡು ಹೊರಗೇ ನಿಂತ.

"ಯಾರೋ ನಿಧಿ ಕಳ್ಳರು ಮೇಡಂ. ತೋಟದ ತುಂಬ ಗುಂಡಿ ತೋಡವ್ರೆ. ಬೇರು ಕಿತ್ತೋಗಿ ಬಳ್ಳಿ ಒಣಗ್ತಾ ಅವೆ."

ಪಿಎಸ್‌ಐ ತನುಜ ಕುರ್ಚಿ ತೋರಿಸಿದಳು. ಅವಳು ಈ ಠಾಣೆಗೆ ವರ್ಗವಾಗಿ ಬಂದು ಕೆಲವೇ ತಿಂಗಳಾಗಿತ್ತು. "ಯಾವಾಗಿಂದ?"

"ಒಂದು ತಿಂಗಳಿಂದ ಇರ್ಬೋದು. ವಾರವಾರ ಹೊಸಾ ಗುಂಡಿ."

"ಇಷ್ಟು ದಿನ ಯಾಕೆ ಬರ್ಲಿಲ್ಲ?"

"ನಮ್ಮುಡುಗ ಬೇಡ ಅಂದ. ಪೊಲೀಸ್ನೋರು ಬಂದ್ರೆ ಊರೆಲ್ಲ ಬಂದು ತೋಟ ತುಳೀತಾರೆ, ರಾತ್ರಿ ನಾನೇ ಕಾವಲಿರ್ತೀನಿ ಅಂದ. ಇದ್ದ ಕೂಡ. ಆದ್ರೂ ನಿಲ್ಲಲಿಲ್ಲ."

ಅತಿಕ್ರಮ ಪ್ರವೇಶ, ಆಸ್ತಿಗೆ ನಷ್ಟ ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ತನುಜ ಹೆಡ್ ಕಾನ್‌ಸ್ಟೆಬಲ್ ಮುನಿಶಾಮಪ್ಪನೊಂದಿಗೆ ತೋಟಕ್ಕೆ ಹೋದಳು. ಪಂಚ ಸಾಕ್ಷಿಗಳಾಗಿ ಪಕ್ಕದ ತೋಟದ ಇಬ್ಬರು ಬಂದರು. ಗುಂಡಿಗಳು ನಿಧಿಗೆ ತೋಡುವಂಥವಲ್ಲ. ಒಂದೊಂದೂ ತಟ್ಟೆಯಗಲ, ಗೇಣುದ್ದ ಆಳ. ಪೂಜೆ ಮಾಡಿದ ಗುರುತು, ನಿಂಬೆಹಣ್ಣು, ಕುಂಕುಮ ಯಾವುದೂ ಇಲ್ಲ. ತೋಡಿ ತೆಗೆದದ್ದನ್ನು ಆಯಾ ಗುಂಡಿಯ ಪಕ್ಕದಲ್ಲೇ ಬಿಟ್ಟಿದ್ದರು.

"ಬರೀ ಕಸ ಮೇಡಂ," ಎಂದ ಮುನಿಶಾಮಪ್ಪ.

ತನುಜ ಕಸವನ್ನೇ ನೋಡಿದಳು. ಪಂಪ್‌ಹೌಸಿನ ಹತ್ತಿರದ ಗುಂಡಿಗಳ ಮಣ್ಣು ಡಿಸೆಂಬರಿನ ಅಕಾಲ ಮಳೆಗೆ ಕುಸಿದು ಗಟ್ಟಿಯಾಗಿತ್ತು, ಅವೇ ಹಳೆಯವು. ಅಲ್ಲಿ ಎಲ್ಲವೂ ಇತ್ತು: ಚಪ್ಪರದ ತಂತಿ ತುಂಡು, ಮೊಳೆ, ಗುಟ್ಕಾ ಪ್ಯಾಕೆಟ್ಟು, ಒಂದು ಹಳೆಯ ತಾಮ್ರದ ಕಾಸು. ನಿಧಿಗೆ ಬಂದವನು ಆ ಕಾಸನ್ನು ಮೊಳೆಯ ಜೊತೆ ಬಿಸಾಕಿ ಹೋಗುತ್ತಿರಲಿಲ್ಲ. ಮಣ್ಣು ಇನ್ನೂ ಹಸಿಯಾಗಿದ್ದ ಗುಂಡಿಗಳ ಪಕ್ಕದಲ್ಲಿ ಒಂದು ಮೊಳೆಯೂ ಇರಲಿಲ್ಲ, ಕಾಸೂ ಇರಲಿಲ್ಲ. ಮಾತ್ರೆಯ ಶೀಟು, ಬೆಳ್ಳಿ ಬಣ್ಣದ ಕಾಗದ, ಔಷಧಿ ಬಾಟಲಿಯ ತೆಳು ಮುಚ್ಚಳ, ಅಷ್ಟೇ. ಅಗೆಯುತ್ತಿದ್ದವರು ದಿನ ಕಳೆದಂತೆ ಏನನ್ನೋ ಕಲಿತಿದ್ದರು.

ಜಿಲ್ಲಾ ಬಾಂಬ್ ಪತ್ತೆ ದಳದ ಎಎಸ್‌ಐ ವೆಂಕಟರವಣಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದಳು.

"ಮೆಟಲ್ ಡಿಟೆಕ್ಟರ್ ಮೇಡಂ, ಆನ್‌ಲೈನಲ್ಲಿ ಸಿಗ್ತವೆ. ಕಬ್ಬಿಣಕ್ಕೆ ಗೊಗ್ಗರು ಸದ್ದು, ತಾಮ್ರ ಬೆಳ್ಳಿಗೆ ಕೀಚು ಸದ್ದು. ನಡುವಿನ ಸದ್ದು ಬಂದ್ರೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಕಸ. ಕಬ್ಬಿಣಕ್ಕೆ ಕೂಗ್ಬೇಡ ಅಂತ ಬಟನ್ ಒತ್ತಿದ್ರೆ ಅದು ಕೂಗಲ್ಲ."

"ಕಾಸಿನ ಸದ್ದು ಬಿಟ್ಟು, ಕಸದ ಸದ್ದನ್ನೇ ಹುಡುಕಿ ಅಗೆಯೋರು ಏನು ಹುಡುಕ್ತಾ ಇರ್ತಾರೆ?"

"ತೆಳ್ಳಗಿನ ಚಿನ್ನ ಮೇಡಂ. ಉಂಗುರ, ಓಲೆ. ಅದೂ ಕಸದ ಹಂಗೇ ಕೂಗುತ್ತೆ."

ಅಂದರೆ ಯಾರೋ ಒಂದು ಉಂಗುರ ಹುಡುಕುತ್ತಿದ್ದರು. ರಾತ್ರಿ ಕಾವಲಿದ್ದರೂ ಗುಂಡಿ ಬೀಳುತ್ತಿದ್ದರಿಂದ ಅಗೆತ ಹಗಲಿನಲ್ಲೇ. ಹಗಲು ಆ ತೋಟದೊಳಗೆ ಓಡಾಡಿದರೆ ಯಾರೂ ಏಕೆಂದು ಕೇಳದವರು ಮನೆಯವರೇ ಇರಬೇಕು.

ಮುನಿಶಾಮಪ್ಪ ಚಿಕ್ಕಬಳ್ಳಾಪುರದ ಕೊರಿಯರ್ ಅಂಗಡಿಗಳನ್ನು ಸುತ್ತಿದ. ಮೂರನೆಯ ಅಂಗಡಿಯವನಿಗೆ ನೆನಪಿತ್ತು: ಉದ್ದನೆಯ ಪೆಟ್ಟಿಗೆ, ಮನೆಗೆ ತರಬೇಡಿ ಎಂದು ತಾನೇ ಬಂದು ಒಯ್ದ ಹುಡುಗಿ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮುನಿವೆಂಕಟಪ್ಪನವರ ಮಗಳು, ಹರಿತಾ.

ಬುಧವಾರ ಮಹಿಳಾ ಕಾನ್‌ಸ್ಟೆಬಲ್ ಅವಳನ್ನು ಠಾಣೆಗೆ ಕರೆತಂದಳು. ಹರಿತಾ ಹೆದರಿರಲಿಲ್ಲ. ಉಗುರುಗಳ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಇತ್ತು.

"ಕೂತ್ಕೊಳಮ್ಮ. ನಿಮ್ಮ ತೋಟನ ನೀನೇ ಯಾಕೆ ಅಗೀತಿದ್ದೀಯ?"

"ಸುನೀಲ್‌ನ ಹುಡುಕ್ತಿದ್ದೀನಿ."

ಹರಿತಾ ತಾನಾಗಿಯೇ ಹೇಳುತ್ತ ಹೋದಳು. ಸುನೀಲ್ ಅದೇ ಊರಿನ ಕಾಲೋನಿಯ ಬಯ್ಯಪ್ಪನವರ ಮಗ. ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಇಬ್ಬರೂ ರಿಜಿಸ್ಟರ್ ಮದುವೆಗೆ ತಯಾರಾಗಿದ್ದರು. ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಅವನ ಫೋನು ಆಫ್ ಆಯಿತು, ಮತ್ತೆ ಆನ್ ಆಗಲಿಲ್ಲ. ಹೈದರಾಬಾದಿಗೆ ಹೋದನಂತೆ ಎಂಬ ಸುದ್ದಿ ಊರಲ್ಲಿ ಎದ್ದಿತು. ಮೊದಲು ಹೇಳಿದವನು ಅವಳ ಅಣ್ಣ.

"ಅವನ ಬೆರಳಲ್ಲಿ ನಾನು ಕೊಡಿಸಿದ ಉಂಗುರ ಇತ್ತು. ತೆಳ್ಳಗಿನದು. ಅದಕ್ಕೇ ಆ ಮಿಷಿನ್ ತರಿಸ್ದೆ."

"ತೋಟದಲ್ಲೇ ಅಂತ ಹೆಂಗೆ ಅನ್ನಿಸ್ತು?"

"ನಮ್ಮಣ್ಣ ಹುಟ್ಟಿದಾಗಿಂದ ಗುದ್ದಲಿ ಮುಟ್ಟಿದವನಲ್ಲ. ಗೊಬ್ಬರದಂಗಡಿ ಆಯ್ತು, ಅವನಾಯ್ತು. ಆ ವಾರ ಪಂಪ್‌ಹೌಸ್ ಹಿಂದೆ ಒಂದು ಸಾಲು ಬಳ್ಳಿ ತಾನೇ ಹೊಸದಾಗಿ ನೆಟ್ಟ. ಆಳಿಗೂ ಹೇಳ್ಲಿಲ್ಲ. ಆಮೇಲೆ ತುಂಬಾ ದಿನ ಆದ್ಮೇಲೆ ನನಗೆ ಹೊಳೀತು. ಮೊದಲು ಅಲ್ಲೇ ನೋಡ್ದೆ ಮೇಡಂ. ತಂತಿ, ಮೊಳೆಗೇ ಕೂಗ್ತಿತ್ತು. ತಲೆ ಕೆಟ್ಟು ಕಬ್ಬಿಣದ ಸದ್ದು ಆಫ್ ಮಾಡ್ದೆ. ಆಮೇಲೆ ಅಲ್ಲಿ ಒಂದು ಸದ್ದೂ ಬರ್ಲಿಲ್ಲ. ಅದಕ್ಕೆ ಬೇರೆ ಕಡೆ ಹೋದೆ."

"ಗುಂಡಿ ಯಾಕೆ ಮುಚ್ಚಲಿಲ್ಲ?"

"ಅಣ್ಣ ನೋಡ್ಲಿ ಅಂತ."

"ಠಾಣೆಗೆ ಬರಬಹುದಿತ್ತಲ್ಲಮ್ಮ."

"ಬಯ್ಯಪ್ಪನೋರು ಬಂದಿದ್ರಲ್ಲ. ಏನಾಯ್ತು?"

ತನುಜ ಬಯ್ಯಪ್ಪನ ಹಳೆಯ ದೂರು ತರಿಸಿ ನೋಡಿದಳು. ಅವಳು ಬರುವುದಕ್ಕೆ ಮುಂಚಿನ ಕಡತದಲ್ಲಿ, ಸುನೀಲ್ ಸ್ವಇಚ್ಛೆಯಿಂದ ಊರು ಬಿಟ್ಟಂತಿದೆ ಎಂಬ ಒಂದು ಸಾಲಿನ ಕೆಳಗೆ ಸಹಿ ಬಿದ್ದಿತ್ತು.

ಅಂದೇ ಸಂಜೆ ಅವಳು ಬಯ್ಯಪ್ಪನ ಮನೆಗೆ ಹೋದಳು. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅಂಥದೇ ಪಟ ತನುಜಳ ತಂದೆಯ ಮನೆಯಲ್ಲೂ ಇತ್ತು, ಅದನ್ನವಳು ಹೇಳಲಿಲ್ಲ. ಪೊಲೀಸರನ್ನು ಕಂಡ ಬಯ್ಯಪ್ಪ ಎದ್ದು ನಿಂತವನು ಕೂರು ಎಂದರೂ ಕೂರಲಿಲ್ಲ. ಹೆಂಡತಿ ಗಂಗುಲಮ್ಮ ಬಾಗಿಲಲ್ಲೇ ಕುಳಿತಿದ್ದಳು.

"ಅವತ್ತು ಮಗ ಏನು ಹಾಕ್ಕೊಂಡಿದ್ದ?"

"ನೀಲಿ ಷರ್ಟು," ಎಂದಳು ಗಂಗುಲಮ್ಮ. "ಫ್ಯಾಕ್ಟರಿ ಬಟ್ಟೆ. ಕೆಲಸದಿಂದ ಮನೇಗೆ ಬರ್ಲೇ ಇಲ್ಲಮ್ಮ, ಯಾರೋ ಫೋನ್ ಮಾಡಿದ್ರಂತೆ, ಅತ್ತಲಿಂದತ್ತ ಹೋಗವ್ನೆ."

"ಕಾಲಿಗೆ?"

"ಫ್ಯಾಕ್ಟರಿ ಬೂಟು. ಬೆರಳ ಮೇಲೆ ಏನಾದ್ರೂ ಬೀಳುತ್ತೆ ಅಂತ ಮುಂದ್ಗಡೆ ಕಬ್ಬಿಣ ಹಾಕಿರ್ತಾರಲ್ಲ, ಅಂಥವು."

ತನುಜ ಪೆನ್ನು ನಿಲ್ಲಿಸಿದಳು. ಹರಿತಾ ಚಿನ್ನಕ್ಕಾಗಿ ಕಿವಿಗೊಟ್ಟಿದ್ದಳು, ಕಬ್ಬಿಣವನ್ನು ಕಸವೆಂದು ಬಿಟ್ಟಿದ್ದಳು.

ಕರೆಗಳ ವಿವರ ಮರುದಿನ ಬಂತು. ಸುನೀಲ್‌ಗೆ ಬಂದಿದ್ದ ಕೊನೆಯ ಕರೆ ನರೇಂದ್ರನದು. ಸುನೀಲ್ ಪರಿಶಿಷ್ಟ ಜಾತಿಯವನು, ಕೊಲೆಯಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯಡಿ ತನಿಖೆ ಡಿವೈಎಸ್‌ಪಿಯವರದಾಗುತ್ತದೆ. ತನುಜ ಅವರಿಗೆ ಎಲ್ಲವನ್ನೂ ಒಪ್ಪಿಸಿದಳು. ನರೇಂದ್ರನ ಅಂಗಡಿಯ ಎದುರು ಮಫ್ತಿಯಲ್ಲಿ ಇಬ್ಬರನ್ನು ನಿಲ್ಲಿಸಲಾಯಿತು. ಶುಕ್ರವಾರ ಬೆಳಿಗ್ಗೆ ತಹಶೀಲ್ದಾರರ ಸಮ್ಮುಖದಲ್ಲಿ ತೋಟದ ಕೆಲಸ ಶುರುವಾಯಿತು.

ವೆಂಕಟರವಣಪ್ಪ ಇಲಾಖೆಯ ಯಂತ್ರ ತಂದಿದ್ದ. ಪಂಪ್‌ಹೌಸ್ ಹಿಂದಿನ ಸಾಲಿನಲ್ಲಿ ನಿಧಾನವಾಗಿ ಬೀಸುತ್ತ ಹೋದ. ತಂತಿ ತುಂಡುಗಳಿಗೆ ಅದು ಚಿಟಿಕೆ ಹೊಡೆದಂತೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಸಾಲಿನ ಕೊನೆಯಲ್ಲಿ ಸದ್ದು ಅಗಲವಾಗಿ ಎದ್ದು ನಿಂತಿತು. ಅಂಗೈ ಅಗಲ ಬಿಟ್ಟು ಪಕ್ಕದಲ್ಲೇ ಅಂಥದೇ ಇನ್ನೊಂದು. ಅವನು ಮತ್ತೆ ಮತ್ತೆ ಬೀಸಿ ನೋಡಿದ.

"ಎರಡೂ ಒಂದೇ ಅಳತೆ ಮೇಡಂ," ಎಂದ. "ಜೊತೆ."

ಅಗೆದರು. ಕೆಳಗೆ ಬಂಡೆಯಿತ್ತು, ನೆಟ್ಟವನಿಗೆ ಆಳಕ್ಕೆ ತೋಡಲಾಗಿರಲಿಲ್ಲ. ಎರಡೂವರೆ ಅಡಿಯಲ್ಲಿ ಮೊದಲು ಬೂಟುಗಳು ಕಂಡವು. ನೀಲಿ ಬಟ್ಟೆ, ಆಮೇಲೆ ಉಳಿದದ್ದು. ಬಳ್ಳಿಯ ಬೇರುಗಳು ಬಟ್ಟೆಯೊಳಗೆ ಹೆಣೆದುಕೊಂಡಿದ್ದವು. ವೈದ್ಯರು ಅವನ್ನು ಒಂದೊಂದಾಗಿ ಕತ್ತರಿಸಿ ಬಿಡಿಸಬೇಕಾಯಿತು. ಬಲಗೈ ಬೆರಳ ಮೂಳೆಯಲ್ಲಿ ಉಂಗುರ ಇತ್ತು; ಅಷ್ಟು ತೆಳು ಚಿನ್ನದ ಸದ್ದು ಆ ಆಳದಿಂದ ಮೇಲೆ ಬರುವಂಥದಲ್ಲ.

ಗಂಗುಲಮ್ಮ ಬೇಲಿಯ ಆಚೆ ನಿಂತಿದ್ದಳು. "ನಾ ಕೊಡುಕಾ, ನಾ ಕೊಡುಕಾ," ಎಂದು ಅವಳು ಮಗನನ್ನು ಕೂಗಿದ್ದು ತೋಟದುದ್ದಕ್ಕೂ ಕೇಳಿಸಿತು. ಹರಿತಾ ಅವಳ ಪಕ್ಕ ಹೋಗಿ ನಿಂತಳು, ಮುಟ್ಟಲು ಕೈ ಚಾಚಿದಳು, ಹಿಂದಕ್ಕೆಳೆದುಕೊಂಡಳು. ಆಮೇಲೆ ಗಂಗುಲಮ್ಮನೇ ಆ ಕೈ ಹಿಡಿದಳು.

"ಆ ಜಾಗದ ಮೇಲೆ ನಾನು ಎಷ್ಟು ಸಲ ಓಡಾಡಿದೀನಿ ಮೇಡಂ," ಎಂದಳು ಹರಿತಾ, ಉಂಗುರ ಗುರುತಿಸಿದ ಮೇಲೆ. "ಆಫ್ ಮಾಡದೆ ಇದ್ದಿದ್ರೆ..."

"ನೀನು ಗುಂಡಿ ತೋಡದೆ ಇದ್ದಿದ್ರೆ ನಾವು ಈ ತೋಟಕ್ಕೆ ಬರ್ತಾನೇ ಇರ್ಲಿಲ್ಲ," ಎಂದಳು ತನುಜ. ಅದು ಸಮಾಧಾನವಲ್ಲ ಎಂದು ಅವಳಿಗೂ ಗೊತ್ತಿತ್ತು.

ಮಧ್ಯಾಹ್ನ ಒಂದೂವರೆಗೆ ನರೇಂದ್ರನನ್ನು ಚಿಕ್ಕಬಳ್ಳಾಪುರದ ಅವನ ಅಂಗಡಿಯಲ್ಲಿ ಬಂಧಿಸಿದರು. ಅವನು ಓಡಲಿಲ್ಲ. ಷಟರ್ ಎಳೆದು ಬೀಗ ಹಾಕಲು ಅನುಮತಿ ಕೇಳಿದ.

ಡಿವೈಎಸ್‌ಪಿಯವರ ಎದುರು ಅವನ ಮಾತು ಸಣ್ಣಗೆ, ಕಡಿಮೆ ಇತ್ತು. ತನುಜ ಬದಿಯಲ್ಲಿ ಕುಳಿತಿದ್ದಳು.

"ಏನಂತ ಕರೆದೆ?"

"ಅಪ್ಪನ ಹತ್ರ ಮಾತಾಡೋಣ ಬಾ ಅಂತ."

"ಅವನು ನಂಬಿದ್ನಾ?"

"ಸ್ಕೂಲಲ್ಲಿ ಒಂದೇ ಬೆಂಚು ಸಾರ್ ನಾವು."

"ಯಾವುದರಲ್ಲಿ ಹೊಡೆದೆ?"

"ಹಾರೆ." ಹಾರೆ ಪಂಪ್‌ಹೌಸಿನಲ್ಲೇ ಇದೆ ಎಂದ. ಅಲ್ಲೇ ಸಿಕ್ಕಿತು.

"ಯಾಕೆ?"

ಚಿಂತಾಮಣಿಯ ಕಡೆಯ ಒಂದು ಮನೆಯಿಂದ ಅವನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ತಂಗಿಯ ವಿಷಯ ಹೊರಬಿದ್ದರೆ ಆ ಮನೆಯವರು ಹಿಂದೆ ಸರಿಯುತ್ತಾರೆ ಎಂದು ಹೆದರಿದ್ದ. ಹುಡುಗಿಯನ್ನು ಅವನು ಎರಡೇ ಸಲ ನೋಡಿದ್ದು.

"ಮದುವೆ ಆಯ್ತಾ?" ತನುಜ ಕೇಳಿದಳು.

"ಇಲ್ಲ. ಹಳ್ಳಿ ಮನೆ ಬೇಡ ಅಂದ್ಳಂತೆ ಹುಡುಗಿ. ಜೂನ್‌ನಲ್ಲಿ ಬೇರೆ ಕಡೆ ಕೊಟ್ರು." ಅವನು ತಲೆಯೆತ್ತಲಿಲ್ಲ.

ಸಂಜೆ ಮುನಿವೆಂಕಟಪ್ಪ ಜಮೀನಿನ ಮಾಲೀಕರಾಗಿ ಹೇಳಿಕೆ ಕೊಡಲು ಬಂದರು. ಸೋಮವಾರ ಕುಳಿತಿದ್ದ ಕುರ್ಚಿಯಲ್ಲೇ ಕುಳಿತರು. ಸಹಿ ಹಾಕಿದ ಮೇಲೂ ಏಳಲಿಲ್ಲ.

"ನನ್ನ ಒಂದು ಮಾತು ಕೇಳ್ಬೋದಿತ್ತು ನಮ್ಮುಡುಗ," ಎಂದರು.

"ಕೇಳಿದ್ರೆ ಏನು ಹೇಳ್ತಿದ್ರಿ?"

ಮುದುಕರು ಬಾಯಿ ತೆರೆದರು. ಮದುವೆಗೆ ಒಪ್ತಿದ್ದೆ ಎನ್ನುವುದು ಈಗ ಸುಲಭವಿತ್ತು.

"ಗೊತ್ತಿಲ್ಲಮ್ಮ," ಎಂದರು ಕೊನೆಗೆ. "ದೇವರಾಣೆಗೂ ಗೊತ್ತಿಲ್ಲ."