ಲಲಿತಾಗೆ ಕೇಳಿದ ಪ್ರಶ್ನೆ

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಸಂಜೆ ನರ್ಸ್ ಅಬೇದಾ ತಿಕೋಟಾ ಠಾಣೆಗೆ ಬಂದಾಗ ಆಕೆಯ ಬಿಳಿ ಕೋಟಿನ ತೋಳೆಲ್ಲ ರಕ್ತವಾಗಿತ್ತು. ರಕ್ತ ಆಕೆಯದಲ್ಲ. ಊರಾಚೆಯ ಖಾಸಗಿ ದವಾಖಾನೆಯ ಡಾಕ್ಟರ್ ಅನುಜಾ ಅವರದು.

"ಯಾರು ಹೊಡದ್ರು?" ಸಬ್‌ಇನ್‌ಸ್ಪೆಕ್ಟರ್ ಸಂಗಮೇಶ ಕೇಳಿದರು.

"ನೋಡಿಲ್ರಿ ಸರ್. ಪೇಶಂಟ್ ತೀರಿಕೊಂಡಿದ್ದ, ಆತನ ಹೆಂಡತಿ ಬಂದ ಕೂಡ್ಲೆ ಆಕಿ ಜೋಡಿ ಮಂದಿ ಒಳಗ ನುಗ್ಗಿದ್ರು. ನಾ ಫೋನ್ ಹಚ್ಚಾಕ ಹೊರಳಿದ್ದೆ. ತಿರುಗಿ ನೋಡೂದ್ರಾಗ ಮೇಡಂ ಕೆಳಗ ಬಿದ್ದಿದ್ರು."

"ಬಾಜೂಕ ನಿಂತು ನೋಡಿಲ್ಲಂದ್ರ ಹೆಂಗ?"

"ಹಂಗಾರ ನಾನ ಹೊಡದೇನೇನ್ರಿ?" ಅಬೇದಾ ಸಿಡುಕಿದಳು.

ಸಂಗಮೇಶರ ಸ್ವಭಾವವೇ ಹಾಗೆ. ಕೇಳದೆ ಚಹಾ ಕೊಟ್ಟರೆ ಹೆಂಡತಿಯನ್ನೂ ಏನು ಬೇಕಿತ್ತೆಂದು ವಿಚಾರಿಸುವ ಮನುಷ್ಯ. ವೈದ್ಯರ ಮೇಲಿನ ಹಲ್ಲೆ ತಡೆಯುವ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಸತ್ತವನು ಬಿಜ್ಜರಗಿಯ ಶಂಕರೆಪ್ಪ. ದ್ರಾಕ್ಷಿ ತೋಟಗಳಲ್ಲಿ ಆಗ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆದಿತ್ತು. ಕತ್ತರಿಸಿದ ಮೇಲೆ ಚಿಗುರು ಕಣ್ಣೊಡೆಯಲಿ ಎಂದು ಕಡ್ಡಿಗೆ ಒಂದು ಔಷಧಿ ಹಚ್ಚುತ್ತಾರೆ. ಹಚ್ಚಿದ್ದು ತಿಳಿಯಲೆಂದು ಅದಕ್ಕೆ ಕೆಂಪು ಬಣ್ಣ ಕಲಸುತ್ತಾರೆ. ಬೆಳಗ್ಗೆ ಆ ಕೆಲಸ ಮಾಡಿದ ಶಂಕರೆಪ್ಪನಿಗೆ ಮಧ್ಯಾಹ್ನ ಮುಖ ಕೆಂಪೇರಿ ಉಸಿರು ಸಿಗದಂತಾಯಿತು. ಹೆಂಡತಿಯ ತಮ್ಮ, ಶ್ರೀಮಂತ ಎಂಬುವನು, ಅವನನ್ನು ಟಂಟಂ ಆಟೋದಲ್ಲಿ ದವಾಖಾನೆಗೆ ತಂದ. ಹೆಂಡತಿ ಲಲಿತಾ ಊರಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಜೀವ ಹೋಗಿತ್ತು.

ಪಂಚನಾಮೆಯ ವೇಳೆ ಕಾನ್‌ಸ್ಟೆಬಲ್ ಇರ್ಫಾನ ಮೂಲೆಯಲ್ಲಿ ಬಿದ್ದಿದ್ದ ಸಲೈನ್ ಸ್ಟ್ಯಾಂಡಿನತ್ತ ಬಗ್ಗಿದ. ಕಬ್ಬಿಣದ ಮೇಲೆ ಕೆಂಪು ಕೈಯ ಗುರುತು.

"ಸರ್, ಸಿಕ್ಕ ನೋಡ್ರಿ ಮಗ! ಇದು ರಕ್ತ ಅಲ್ಲ, ತ್ವಾಟದ ಬಣ್ಣ."

ಬುಧವಾರ ಶವಪರೀಕ್ಷೆ, ಮಣ್ಣು ಎರಡೂ ಮುಗಿದ ಮೇಲೆ ದವಾಖಾನೆಗೆ ನುಗ್ಗಿದ್ದ ಕೂಲಿಯವರನ್ನೆಲ್ಲ ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕೈ ಚಾಚಲು ಹೇಳಿದರು. ಎಲ್ಲರ ಕೈಯೂ ಕೆಂಪು. ಇರ್ಫಾನನ ಮುಖ ಇಷ್ಟೇ ಇಷ್ಟಾಯಿತು. ಸ್ಟ್ಯಾಂಡಿನ ಮೇಲಿನ ಗುರುತು ಕದಡಿಹೋಗಿದೆ ಎಂದು ಬೆರಳಚ್ಚಿನವರೂ ಕೈಚೆಲ್ಲಿದ್ದರು.

"ಯಾರಂತ ಹೇಳದಿದ್ರ ಎಲ್ಲಾರ ಮ್ಯಾಲೂ ಕೇಸ್. ಜೇಲಿಗೆ ಹೋಗ್ತೀರಿ," ಸಂಗಮೇಶ ಗದರಿದರು.

"ಗದ್ದಲದಾಗ ಗೊತ್ತಾಗ್ಲಿಲ್ರಿ ಸಾಹೇಬ್ರ. ನಾವು ಬರೇ ಒದರ್ಯಾಡಿದ್ವಿ." ಎಲ್ಲರದೂ ಒಂದೇ ಮಾತು.

ಸಾಲಿನ ಕೊನೆಯಲ್ಲಿ ಶ್ರೀಮಂತ ನಿಂತಿದ್ದ. ಅವನ ಅಂಗೈ ಮಾತ್ರ ಸ್ವಚ್ಛ. ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಡೀಸೆಲ್ ವಾಸನೆ ಇನ್ನೂ ಹೋಗಿರಲಿಲ್ಲ.

"ನೀ ಬಣ್ಣ ಹಚ್ಚಿದ್ದಿಲ್ಲೇನು?"

"ಹಚ್ಚಿದ್ದೆರಿ. ಮಾವನ ಮಣ್ಣು ಮಾಡೂದಿತ್ತು, ತೊಳಕೊಂಡೆ."

"ಇವರೂ ಮಣ್ಣಿಗೆ ಬಂದಿದ್ರು. ಇವರ್‍ಯಾರೂ ಡೀಸೆಲ್ ಹಾಕಿ ತೊಳಕೊಂಡಿಲ್ಲಲ್ಲ?"

ಶ್ರೀಮಂತ ಕೈ ಹಿಂದಕ್ಕೆಳೆದುಕೊಂಡ. ಎಲ್ಲರಂತೆ ಕೆಂಪು ಕೈಯಲ್ಲೇ ಬಂದಿದ್ದರೆ ಅವನನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಆದರೆ ತೊಳೆದ ಕೈ ಸಂಶಯಕ್ಕೆ ಸಾಕು, ಕೋರ್ಟಿಗೆ ಸಾಲದು. ಅಷ್ಟು ಜನರ ಸಿಟ್ಟಿನಲ್ಲಿ ಇವನೊಬ್ಬನೇ ಮುಚ್ಚಿಡುವಂಥದ್ದು ಏನಿತ್ತು?

ಗುರುವಾರ ವಿಜಯಪುರದ ಆಸ್ಪತ್ರೆಯಲ್ಲಿ ಅನುಜಾಗೆ ಮಾತಾಡುವಷ್ಟು ಶಕ್ತಿ ಬಂತು. ಎಡಗಿವಿ ಕೇಳುತ್ತಿರಲಿಲ್ಲ. ಮುಂದೆಯೂ ಕೇಳುವುದು ಕಷ್ಟ ಎಂದು ಅಲ್ಲಿಯ ವೈದ್ಯರು ಹೇಳಿದ್ದರು. ಸಂಗಮೇಶ ಬಲಗಡೆ ಹೋಗಿ ಕೂತರು.

"ಹೊಡದಾಂವನ ನೋಡೀರೇನು?"

"ಇಲ್ರಿ, ಹಿಂದಿಂದ ಬಿತ್ತು. ಆ ಔಷಧಿ ಹಚ್ಚಿದ ದಿನ ಸೆರೆ ಕುಡದ್ರ ಜೀವಕ್ಕ ಕುತ್ತು. ತ್ವಾಟದವ್ರಿಗೆಲ್ಲಾ ಗೊತ್ತದ. ಅದಕ್ಕ ಬಂದ ಕೂಡ್ಲೆ ಕೇಳಿದೆ, ಕುಡದಾನೇನು ಅಂತ. ಕರಕೊಂಡು ಬಂದಾಂವ ಇಲ್ಲ ಅಂದ."

"ವಾಸನಿ ಬರಲಿಲ್ಲೇನ್ರಿ?"

"ಬಾಯಿ ತುಂಬ ಎಲಿ-ಅಡಿಕಿ ಇತ್ತು. ನಾ ನಂಬಿ ಅಲರ್ಜಿ ಅಂತ ಇಂಜೆಕ್ಷನ್ ಕೊಟ್ಟೆ. ಖರೇ ಹೇಳಿದ್ರ ಆಗಿಂದಾಗ ವಿಜಯಪುರಕ್ಕ ಕಳಸ್ತಿದ್ದೆ." ಅನುಜಾ ದಣಿದು ಕಣ್ಣು ಮುಚ್ಚಿದಳು. "ಹೆಂಡತಿ ಬಂದ ಮ್ಯಾಲ ಆಕಿಗೂ ಕೇಳಿದೆ, ನಿಮ್ಮ ಯಜಮಾನ್ರು ಕುಡೀತಿದ್ರೇನಂತ. ಆಕಿ ಬಾಯಿ ತಗಿಯೂದ್ರಾಗ ಏಟು ಬಿತ್ತು."

"ಆಗ ನಿಮ್ಮ ಹಿಂದ ಯಾರಿದ್ರು?"

"ಆಕಿ ತಮ್ಮ."

ಮಧ್ಯಾಹ್ನದೊಳಗೆ ಇರ್ಫಾನ ಬಬಲೇಶ್ವರ ರಸ್ತೆಯ ಒಂದು ಢಾಬಾದಿಂದ ಫೋನ್ ಮಾಡಿದ. ಮಂಗಳವಾರ ಊಟಕ್ಕೆ ಇಬ್ಬರು ಬಂದಿದ್ದರು. ದೊಡ್ಡವನು ಬೇಡವೆಂದು ಕೈಮುಗಿದರೂ ಸಣ್ಣವನು ಬಿಡದೆ ಕುಡಿಸಿದ. ಹೋಗುವಾಗ ಎಲೆ-ಅಡಿಕೆಯನ್ನೂ ಅವನೇ ಕೊಡಿಸಿದ. ಢಾಬಾದವನು ಫೋಟೋ ನೋಡಿ ಶ್ರೀಮಂತನನ್ನು ಗುರುತಿಸಿದ್ದ.

ಅದೇ ಸಂಜೆ ಜೀಪು ಬಿಜ್ಜರಗಿಯಲ್ಲಿ ಲಲಿತಾಳ ಮನೆಯ ಮುಂದೆ ನಿಂತಿತು. ಪೊಲೀಸರು ತಮ್ಮನ ಕೈ ಹಿಡಿದದ್ದೇ ತಡ ಆಕೆ ಅಡ್ಡ ಬಂದಳು.

"ನನ್ನ ಗಂಡನ್ನ ಕೊಂದಾಕಿನ್ನ ಬಿಟ್ಟು ನನ್ನ ತಮ್ಮನ್ನ ಒಯ್ತೀರೇನ್ರಿ? ಬಿಡ್ರಿ ಅವನ್ನ!"

"ಯಕ್ಕಾ, ಬ್ಯಾಡ," ಶ್ರೀಮಂತ ಅಂದ. "ಮಾವ ಒಲ್ಲೆ ಅಂದಿದ್ದ. ಒಂದ ಗ್ಲಾಸಿಗೆ ಏನಾಕ್ಕೇತಿ ಅಂತ ನಾನ ಕುಡಿಸಿದೆ."

ಲಲಿತಾಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮಗಳ ತಲೆ ಮುಟ್ಟಿ ಆಣೆ ಮಾಡಿ ಶಂಕರೆಪ್ಪ ಕುಡಿತ ಬಿಟ್ಟು ವರ್ಷವಾಗಿತ್ತು. ಆ ಆಣೆ ಮುರಿಸಿದವನು ತಾನೆಂದು ಅಕ್ಕನಿಗೆ ತಿಳಿಯಬಾರದೆಂದು ಶ್ರೀಮಂತ ಸುಳ್ಳು ಹೇಳಿದ್ದ. ಮಾವ ಸತ್ತ ಮೇಲೆ ಅದೇ ಪ್ರಶ್ನೆ ಅಕ್ಕನ ಮುಂದೆ ಬಂದಾಗ ಕೈಗೆ ಸಿಕ್ಕ ಕಬ್ಬಿಣ ಎತ್ತಿದ್ದ. ಇಡೀ ಪ್ರಕರಣಕ್ಕೆ ಇದ್ದ ಕಾರಣ ಇಷ್ಟೇ.

"ಡಾಕ್ಟರು ಮೊದಲ ನಿನಗ ಕೇಳಿದ್ರೇನು?" ಲಲಿತಾ ಕೇಳಿದಳು.

"ಹೂಂ."

"ಆಗ ಹೇಳಿದ್ರ ಬದುಕ್ತಿದ್ದನೇನು?"

ಶ್ರೀಮಂತ ಜೀಪಿನತ್ತ ಮುಖ ತಿರುಗಿಸಿದ. ಲಲಿತಾ ಹೊಸ್ತಿಲ ಮೇಲೆ ಕೂತಳು.

"ಬೈತಿದ್ದೆ ಲೇ ತಮ್ಮಾ," ಅಂದಳು. "ನಿಮ್ಮಿಬ್ಬರಿಗೂ ಬೈದು, ನಾಕ ದಿನ ಮಾತು ಬಿಡ್ತಿದ್ದೆ. ಅಷ್ಟ."